ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು?

ಜಿಲ್ಲಾ ಪುಟಕ್ಕೆ ನಾವು ಕಳಿಸುವ ಸುದ್ದಿಗಳಲ್ಲಿ ಓಪಿಯಾಯ್ಡ್ ಎಂಬ ಪದ ಬರುವುದಿಲ್ಲ. ‘ಮತ್ತಿನ ಮಾತ್ರೆ ವಶ, ಇಬ್ಬರ ಸೆರೆ’ ಎಂದು ತಲೆಬರಹ ಕೊಟ್ಟು, ಮಾತ್ರೆಗಳ ಸಂಖ್ಯೆ, ಅಂದಾಜು ಬೆಲೆ, ಠಾಣೆಯ ಹೆಸರು ಬರೆದರೆ ಸುದ್ದಿ ಮುಗಿಯಿತು. ಆ ಮಾತ್ರೆ ದೇಹದೊಳಗೆ ಏನು ಮಾಡುತ್ತದೆ, ಮಿತಿ ಮೀರಿದರೆ ಮನುಷ್ಯ ಯಾವ ರೀತಿ ಸಾಯುತ್ತಾನೆ, ಅವನ ಪಕ್ಕದಲ್ಲಿದ್ದವರು ಆಗ ಏನು ಮಾಡಬಹುದು ಎಂಬುದನ್ನು ಡೆಸ್ಕ್ ಕೇಳುವುದಿಲ್ಲ. ನಾಲ್ಕು ಸಾಲಿನಲ್ಲಿ ಅದಕ್ಕೆ ಜಾಗವೂ ಇಲ್ಲ. ನಮಗೆ ಇದೆಲ್ಲ ಗೊತ್ತಾದದ್ದು ಅಪ್ಪನಿಗೆ ಬಾಯಿ ಕ್ಯಾನ್ಸರ್ ಆಗಿ ಮನೆಗೆ ಮಾರ್ಫಿನ್ ಬಂದ ಮೇಲೆ.

ನಲವತ್ತು ವರ್ಷ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ ಬಾಯಿ. ಗಡ್ಡೆ ದವಡೆಗೆ ಹಬ್ಬಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಗುವುದಿಲ್ಲ ಎಂದರು, ಕರೆಂಟು ಕೊಟ್ಟರು, ಆಮೇಲೆ ನೋವಿನ ಕ್ಲಿನಿಕ್ಕಿಗೆ ಕಳಿಸಿದರು. ಅರಸೀಕೆರೆಯಿಂದ ಬೆಳಗಿನ ರೈಲಿಗೆ ಹೋಗಿ, ಸಂಜೆ ರೈಲಿಗೆ ಬರುವುದು ಆಗ ನಮಗೆ ಅಭ್ಯಾಸವಾಗಿತ್ತು. ಕ್ಲಿನಿಕ್ ಎಂದರೆ ಒಂದು ಸಣ್ಣ ಕೋಣೆ. ಬೆಂಚಿನ ಮೇಲೆ ಐದಾರು ಮನೆಯವರು, ಎಲ್ಲರ ಕಂಕುಳಲ್ಲೂ ಫೈಲು. ಅಲ್ಲಿದ್ದ ಸಿಸ್ಟರ್ ನಮ್ಮ ಕೈಯ ಫೈಲನ್ನು ನೋಡಿದವರೇ, ನಮ್ಮನ್ನೂ ತಮ್ಮನನ್ನೂ ಬಿಟ್ಟು, ಗೋಡೆಗೆ ಒರಗಿ ನಿಂತಿದ್ದ ಅಮ್ಮನ ಕಡೆ ತಿರುಗಿದರು.

‘ರಾತ್ರಿ ಇವರ ಪಕ್ಕದಲ್ಲಿ ಮಲಗೋರು ಯಾರು?’

‘ನಾನೇ’ ಅಂದರು ಅಮ್ಮ.

‘ಹಾಗಾದ್ರೆ ನೀವು ಮುಂದೆ ಬನ್ನಿ. ಓದ್ಕೊಂಡಿರೋರು ಹಿಂದೆ ಕೂತ್ಕೊಳ್ಳಲಿ.’

ಅಮ್ಮ ಮೂರನೇ ಕ್ಲಾಸು. ಆದರೆ ಗಡಿಯಾರ ನೋಡಲು ಬರುತ್ತದೆ. ಸಿಸ್ಟರ್ ಮೊದಲು ಹೊತ್ತು ಹೇಳಿಕೊಟ್ಟರು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿ ಹತ್ತಕ್ಕೆ ಒಂದರ ಬದಲು ಎರಡು ಮಾತ್ರೆ, ನಡುರಾತ್ರಿ ಎಬ್ಬಿಸುವುದು ಬೇಡ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ ಕೊಡುವುದು. ಜೊತೆಗೆ ಮಲ ಸಡಿಲಿಸುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ, ಯಾಕೆಂದರೆ ಮಾರ್ಫಿನ್ನಿನಿಂದ ಬರುವ ಮಲಬದ್ಧತೆ ತಾನಾಗಿ ಹೋಗುವುದಿಲ್ಲ. ವಾಂತಿ, ಮಂಪರು ಮಾತ್ರ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ.

ಆಮೇಲೆ ಉಸಿರು. ತಮ್ಮನನ್ನು ಅಲ್ಲಿಯೇ ಬೆಂಚಿನ ಮೇಲೆ ಮಲಗಿಸಿ, ಅವನ ಹೊಟ್ಟೆಯ ಮೇಲೆ ಅಮ್ಮನ ಕೈ ಇಡಿಸಿದರು. ಅಪ್ಪನ ಕೈಯಿಂದ ಎಚ್‌ಎಂಟಿ ವಾಚು ಬಿಚ್ಚಿಸಿ, ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಹೊಟ್ಟೆ ಎಷ್ಟು ಸಲ ಏಳುತ್ತದೆ ಎಂದು ಎಣಿಸಲು ಹೇಳಿದರು. ತಮ್ಮ ನಗು ತಡೆಯಲಾರದೆ ಮೊದಲ ಎಣಿಕೆ ಕೆಟ್ಟಿತು. ಎರಡನೇ ಸಲ ಹದಿನಾರು ಬಂತು. ದೊಡ್ಡವರಲ್ಲಿ ಹನ್ನೆರಡರಿಂದ ಇಪ್ಪತ್ತು ಇರಬೇಕು. ಎಂಟಕ್ಕಿಂತ ಕೆಳಗೆ ಬಂದರೆ, ಕರೆದರೂ ಅಲ್ಲಾಡಿಸಿದರೂ ಏಳದಿದ್ದರೆ, ಟಾರ್ಚು ಬಿಡುವ ಮೊದಲೇ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದ್ದರೆ, ಗಂಟಲಲ್ಲಿ ಗೊರಗೊರ ಸದ್ದು ಬಂದರೆ, ಮುಂದಿನ ಮಾತ್ರೆ ಕೊಡಕೂಡದು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಫೋನ್ ಮಾಡಬೇಕು. ಸಿಸ್ಟರ್ ಒಂದು ಮಾತು ಒತ್ತಿ ಹೇಳಿದರು: ಸಾಮಾನ್ಯವಾಗಿ ಉಸಿರು ಇಳಿಯುವ ಮೊದಲು ಮಂಪರು ಏರುತ್ತದೆ, ಹಾಗಾಗಿ ಮಂಪರನ್ನು ನೋಡುತ್ತಿರಿ. ಕೊನೆಗೆ, ‘ಈಗ ನೀವು ಸಿಸ್ಟರ್, ನಾನು ಮನೆಯವಳು. ನನಗೆ ಹೇಳಿಕೊಡಿ’ ಎಂದು ಕೂತರು. ಅಮ್ಮ ಎಲ್ಲವನ್ನೂ ಹೇಳಿದರು, ಮಲದ ಮಾತ್ರೆಯೊಂದನ್ನು ಬಿಟ್ಟು. ಅಷ್ಟು ಜನರ ಎದುರು ಅದನ್ನು ಹೇಳಲು ನಾಚಿಕೆ. ಅದನ್ನೂ ಬಾಯಲ್ಲಿ ಹೇಳಿಸಿಯೇ ಬಿಟ್ಟರು.

ಡಿಪ್ಲೊಮಾದಲ್ಲಿ ನಮಗೆ ಸಂದರ್ಶನ ಕಲಿಸಿದವರು ಯಾರೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ ಎಂದು ವಾಪಸು ರೈಲಿನಲ್ಲಿ ಅನ್ನಿಸಿತು.

ಊರಿಗೆ ಬಂದರೆ ದೊಡ್ಡಪ್ಪನ ವಿರೋಧ. ‘ಅಫೀಮು ಕೊಟ್ಟು ಮಲಗಿಸ್ತೀರೇನ್ರೋ?’ ಮಾರ್ಫಿನ್ ಅಫೀಮಿನಿಂದಲೇ ಬರುತ್ತದೆ, ಅದೇನೂ ಸುಳ್ಳಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಿನ ಮೇಲೆ ರೈತರು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಅಷ್ಟಿದ್ದೂ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ತಾಪತ್ರಯಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಬೆಳೆಯುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ಕೂಗಿಕೊಂಡು ಸತ್ತರು. 2014ರ ತಿದ್ದುಪಡಿ ‘ಅಗತ್ಯ ಮಾದಕ ಔಷಧ’ಗಳೆಂದು ಬೇರೆ ಮಾಡಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಕಾಯ್ದೆ ಸಡಿಲವಾಯಿತು, ದೊಡ್ಡಪ್ಪನಂಥವರ ಹೆದರಿಕೆ ಹಾಗೇ ಉಳಿಯಿತು. ಅವರ ಬಾಯಿ ಮುಚ್ಚಿಸಿದ್ದು ನಮ್ಮ ವಾದವಲ್ಲ. ಮೂರನೆಯ ದಿನ ಅಪ್ಪ ಜಗುಲಿಗೆ ಬಂದು ಕೂತು, ಸ್ಟ್ರಾದಲ್ಲಿ ರಾಗಿ ಗಂಜಿ ಕುಡಿದು, ಅದೇ ದೊಡ್ಡಪ್ಪನ ಹತ್ತಿರ ಕೊಬ್ಬರಿ ರೇಟು ವಿಚಾರಿಸಿದ್ದು.

ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಅಮೆರಿಕದ ಒಹಾಯೊ ರಾಜ್ಯದಲ್ಲಿ ನರ್ಸು. ಅವಳಿಗೆ ವಿಡಿಯೊ ಕಾಲಿನಲ್ಲಿ ಚಿಕ್ಕಪ್ಪನ ಮಾತ್ರೆಯ ವಿಷಯ ಹೇಳಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ, ‘ನಲೋಕ್ಸೋನ್ ಕೊಟ್ಟಿದಾರಾ?’ ನಾವು ಆ ಹೆಸರು ಕೇಳಿದ್ದೇ ಅವತ್ತು.

ಅವಳ ಕೆಲಸದಲ್ಲಿ ಅದು ದಿನನಿತ್ಯದ ಮಾತು. ಬೆನ್ನುನೋವಿಗೋ ಆಪರೇಷನ್ನಿಗೋ ಓಪಿಯಾಯ್ಡ್ ಮಾತ್ರೆ ಬರೆಸಿಕೊಂಡು ಹೋಗುವ ರೋಗಿಗೂ ಅವನ ಜೊತೆ ಬಂದವರಿಗೂ, ಮಿತಿ ಮೀರಿದಾಗ ಉಸಿರನ್ನು ಮರಳಿ ತರುವ ಮೂಗಿನ ಸ್ಪ್ರೇ ಬಳಸುವುದನ್ನು ಕಲಿಸುವುದು. 2020ರಲ್ಲಿ ಅಲ್ಲಿನ ಔಷಧ ಇಲಾಖೆ ಎಫ್‌ಡಿಎ, ಇಂಥ ಮಾತ್ರೆ ಬರೆಯುವಾಗ ನಲೋಕ್ಸೋನ್ ಬಗ್ಗೆಯೂ ರೋಗಿಯ ಜೊತೆ ಮಾತಾಡಬೇಕು ಎಂದು ಲೇಬಲ್ಲಿನಲ್ಲೇ ಸೇರಿಸಿತು. 2023ರಲ್ಲಿ ಸ್ಪ್ರೇಯನ್ನು ಚೀಟಿ ಇಲ್ಲದೆ ಮಾರಲು ಒಪ್ಪಿಗೆ ಕೊಟ್ಟಿತು. ಅಷ್ಟು ಹೊತ್ತಿಗೆ ಆ ದೇಶದಲ್ಲಿ ಡ್ರಗ್ ಓವರ್‌ಡೋಸ್‌ನಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಅದರಲ್ಲಿ ಹೆಚ್ಚಿನವು ಓಪಿಯಾಯ್ಡ್ ಸಾವುಗಳು.

ಅಕ್ಕ ಕಲಿಸುವ ಸ್ಪ್ರೇಯ ಖಾಲಿ ಮಾದರಿಯನ್ನು ಕ್ಯಾಮೆರಾ ಎದುರು ಹಿಡಿದು ತೋರಿಸಿದಳು. ಬೆರಳಷ್ಟು ಉದ್ದ. ಮಲಗಿದವನ ತಲೆ ಹಿಂದಕ್ಕೆ ಬಾಗಿಸಬೇಕು, ಒಂದು ಹೊಳ್ಳೆಗೆ ತುದಿ ಪೂರ್ತಿ ತೂರಿಸಬೇಕು, ಕೆಳಗಿನ ಗುಂಡಿ ಒತ್ತಬೇಕು. ಸರಿ ಇದೆಯಾ ಎಂದು ಗಾಳಿಯಲ್ಲಿ ಒತ್ತಿ ನೋಡಿದರೆ ಮುಗಿಯಿತು, ಒಳಗಿರುವುದು ಒಂದೇ ಡೋಸು. ಎರಡು ಮೂರು ನಿಮಿಷ ಕಾಯಬೇಕು, ಏಳದಿದ್ದರೆ ಇನ್ನೊಂದು ಸ್ಪ್ರೇ ತೆಗೆದು ಇನ್ನೊಂದು ಹೊಳ್ಳೆಗೆ. ಅಷ್ಟರೊಳಗೆ ಆಂಬುಲೆನ್ಸಿಗೆ ಫೋನು ಹೋಗಿರಬೇಕು. ಎಚ್ಚರವಾದ ಮೇಲೂ ಬಿಟ್ಟು ಹೋಗುವಂತಿಲ್ಲ, ಯಾಕೆಂದರೆ ನಲೋಕ್ಸೋನ್ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿದುಹೋಗುತ್ತದೆ, ಒಳಗಿನ ಮಾತ್ರೆ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ‘ಬೀಗದ ರಂಧ್ರಕ್ಕೆ ಬೇರೆ ಕೀ ತೂರಿಸಿದ ಹಾಗೆ’ ಎಂದಳು. ಮಿದುಳಿನಲ್ಲಿ ಮಾರ್ಫಿನ್ ಕೂರುವ ಜಾಗದಿಂದ ಅದನ್ನು ತಳ್ಳಿ ತಾನು ಕೂರುತ್ತದೆ, ಆದರೆ ಬಾಗಿಲು ತೆಗೆಯುವುದಿಲ್ಲ. ಒಳಗೆ ಓಪಿಯಾಯ್ಡ್ ಇಲ್ಲದಿದ್ದರೆ ಅದು ಏನೂ ಮಾಡುವುದಿಲ್ಲ. ಹೆಂಡಕ್ಕೆ, ನಿದ್ದೆ ಮಾತ್ರೆಗೆ ಕೆಲಸ ಮಾಡುವುದಿಲ್ಲ.

ಇನ್ನೊಂದು ವಿಚಿತ್ರ, ಇದನ್ನು ತಯಾರಿಸಲು ಬೇಕಾದ ಥೆಬೈನ್ ಕೂಡ ಅಫೀಮಿನ ಗಿಡದ್ದೇ. ಹೊಡೆದವನೂ ಬಿಡಿಸುವವನೂ ಒಂದೇ ಮನೆಯವರು. 1961ರಲ್ಲಿ ಜ್ಯಾಕ್ ಫಿಶ್‌ಮನ್ ಮತ್ತು ಮೋಜೆಸ್ ಲೆವೆನ್‌ಸ್ಟೈನ್ ಪೇಟೆಂಟಿಗೆ ಅರ್ಜಿ ಹಾಕಿದರು, 1971ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಬಹಳ ವರ್ಷ ಅದು ಆಸ್ಪತ್ರೆ ಮತ್ತು ಆಂಬುಲೆನ್ಸಿನ ಪೆಟ್ಟಿಗೆಯೊಳಗೇ ಇತ್ತು. ಅದನ್ನು ಡ್ರಗ್ಸ್ ತೆಗೆದುಕೊಳ್ಳುವವರ ಕೈಗೇ, ಅವರ ಗೆಳೆಯರ ಕೈಗೇ ಕೊಟ್ಟು ಕಲಿಸಲು ಶುರುಮಾಡಿದ್ದು 1996ರಲ್ಲಿ, ಡ್ಯಾನ್ ಬಿಗ್ ಮತ್ತು ಶಿಕಾಗೊ ರಿಕವರಿ ಅಲೈಯನ್ಸಿನವರು. ಅಕ್ಕನ ಒಹಾಯೊದಲ್ಲಿ 2012ರಲ್ಲಿ ಪೋರ್ಟ್ಸ್‌ಮತ್ ಎಂಬ ನದಿ ದಂಡೆಯ ಊರಿನಿಂದ ಪ್ರಾಜೆಕ್ಟ್ ಡಾನ್ ಎಂಬ ಹೆಸರಿನಲ್ಲಿ ಇಂಥ ಕಲಿಕೆ ಆರಂಭವಾಯಿತು. ಫಿಶ್‌ಮನ್ ಅವರ ಮಲಮಗನೇ 2003ರಲ್ಲಿ ಹೆರಾಯಿನ್ ಓವರ್‌ಡೋಸ್‌ನಿಂದ ತೀರಿಕೊಂಡರು. ಮದ್ದು ಕಂಡುಹಿಡಿದವರ ಮನೆಗೇ ಮದ್ದು ತಲುಪಿರಲಿಲ್ಲ.

ಅಕ್ಕ ಹೇಳಿದ್ದರಲ್ಲಿ ನಮ್ಮ ತಲೆಯಲ್ಲಿ ಕೂತಿದ್ದು ಬೇರೆಯೇ ಒಂದು. ರೋಗಿಗೆ ಈ ಸ್ಪ್ರೇ ಕೊಟ್ಟು ಕಲಿಸುವುದರಿಂದ ರೋಗಿಗೆ ನೇರ ಉಪಯೋಗ ಇಲ್ಲ, ಅದು ಬೇಕಾದ ಹೊತ್ತಿನಲ್ಲಿ ಅವನಿಗೆ ಪ್ರಜ್ಞೆಯೇ ಇರುವುದಿಲ್ಲ. ಇನ್ಸುಲಿನ್ ಆದರೆ ತಾನೇ ಚುಚ್ಚಿಕೊಳ್ಳಬಹುದು, ಆಸ್ತಮಾ ಪಂಪು ತಾನೇ ಎಳೆದುಕೊಳ್ಳಬಹುದು. ಇದು ಇನ್ನೊಬ್ಬರ ಕೈಯಲ್ಲೇ ಆಗಬೇಕು. ಹಾಗಾಗಿ ರೋಗಿಗೆ ಅವಳು ಕಲಿಸುವುದು ಒಂದೇ: ಇದನ್ನು ಮನೆಯಲ್ಲಿ ಎಲ್ಲಿಟ್ಟಿದ್ದೀಯ, ಯಾರಿಗೆ ಹೇಳಿದ್ದೀಯ? ಬಹಳ ಜನ ಯಾರಿಗೂ ಹೇಳುವುದಿಲ್ಲವಂತೆ. ಹೇಳಿದರೆ ‘ಚಟದವನು’ ಅಂದುಕೊಳ್ಳುತ್ತಾರೆಂಬ ಭಯ. ಬೀರುವಿನ ಒಳಗೆ ಬಟ್ಟೆ ಕೆಳಗೆ ಇಟ್ಟ ಸ್ಪ್ರೇ ಯಾರನ್ನೂ ಬದುಕಿಸಿದ್ದಿಲ್ಲ ಎಂದಳು. ಬೆಂಗಳೂರಿನ ಸಿಸ್ಟರ್ ಓದಿದವರನ್ನು ಹಿಂದಕ್ಕೆ ಕೂರಿಸಿದ್ದರ ಅರ್ಥ ನಮಗೆ ಪೂರ್ತಿ ಆದದ್ದು ಆವತ್ತು.

ಮಳೆಗಾಲದಲ್ಲಿ ಅಪ್ಪನಿಗೆ ಎರಡು ದಿನ ಭೇದಿ ಹಿಡಿಯಿತು. ಗಂಜಿಯೂ ಒಳಗೆ ಹೋಗಲಿಲ್ಲ, ಮೂತ್ರ ಕಡಿಮೆಯಾಯಿತು. ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ, ಹೇಳಿದಷ್ಟೇ ಹೋಗುತ್ತಿತ್ತು. ಮಾರ್ಫಿನ್ ದೇಹದಲ್ಲಿ ಒಡೆದು ಆಗುವ ವಸ್ತುಗಳು ಮೂತ್ರಪಿಂಡದ ಮೂಲಕ ಹೊರಗೆ ಹೋಗಬೇಕು. ಮೂತ್ರಪಿಂಡ ಸೋತರೆ ಅವು ಒಳಗೇ ಸೇರುತ್ತಾ ಹೋಗುತ್ತವೆ. ಅದೇ ಡೋಸು, ಹೆಚ್ಚಾದ ಹಾಗೆ ಆಗುತ್ತದೆ. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಅಮ್ಮ ಎಬ್ಬಿಸಿದರೆ ಅಪ್ಪ ಏಳಲಿಲ್ಲ. ಕೈಬೆರಳು ಆಗಾಗ ಬೆಚ್ಚಿದಂತೆ ಎಗರುತ್ತಿದ್ದವು. ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ವಾಚು ನೋಡಿದರು. ಏಳು. ಇನ್ನೊಂದು ಸಲ ಎಣಿಸಿದರು. ಆಗಲೂ ಏಳು. ಅಮ್ಮ ಅಳಲಿಲ್ಲ, ಕೂಗಲಿಲ್ಲ. ಅಪ್ಪನನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಆಮೇಲೆ ನಮ್ಮನ್ನು ಎಬ್ಬಿಸಿದರು.

ಸಿಸ್ಟರ್ ಫೋನು ಎತ್ತಿದರು. ಮಾತ್ರೆಯ ಪಟ್ಟಿ, ಫೈಲು ಎರಡನ್ನೂ ತೆಗೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ, ದಾರಿಯುದ್ದಕ್ಕೂ ಹೆಸರು ಹಿಡಿದು ಕರೆಯುತ್ತಿರಿ ಎಂದರು. 108 ಬರುವವರೆಗೆ ಅಮ್ಮ ಅಪ್ಪನ ಹೆಸರು ಕರೆದರು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಮೊದಲ ಸಲ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕವರು. ಪಟ್ಟಿ ನೋಡಿದವರೇ ‘ಮಾರ್ಫಿನ್ ಮನೇಗೆ ಕೊಟ್ಟೋರು ಯಾರ್ರೀ?’ ಎಂದು ನಮ್ಮ ಮೇಲೆ ರೇಗಿದರು. ಔಷಧಿ ಕೌಂಟರಿನಲ್ಲಿ ನಲೋಕ್ಸೋನ್ ಎಂದರೆ ‘ಆ ಹೆಸರಿನದ್ದು ಬಂದಿಲ್ಲ’ ಎಂದರು. ಒಂದು ರೂಪಾಯಿ ಸುದ್ದಿಗೆ ಹತ್ತು ಸಲ ಫೋನ್ ಮಾಡುವ ಗುಣ ಅವತ್ತು ನೆರವಿಗೆ ಬಂತು. ಬೆಂಗಳೂರಿನ ನೋವಿನ ಕ್ಲಿನಿಕ್ಕಿನ ಡಾಕ್ಟರನ್ನು ಲೈನಿಗೆ ತಂದು ಫೋನನ್ನು ಈ ಡಾಕ್ಟರ ಕೈಗೆ ಕೊಟ್ಟೆವು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಯವರ ಟ್ರೇಯಲ್ಲಿ ಹುಡುಕಿಸಿ ಎಂದು ಅವರು ಹೇಳಿದರು. ಅಲ್ಲಿ ಎರಡು ಆಂಪೂಲುಗಳಿದ್ದವು. 0.4 ಮಿಲಿಗ್ರಾಮಿನವು.

ಮುಂದೆ ನಡೆದದ್ದು ಅಕ್ಕ ತೋರಿಸಿದ ರೀತಿಯಲ್ಲಿ ಅಲ್ಲ. ಒಂದು ಆಂಪೂಲನ್ನು ಸಲೈನಿನಲ್ಲಿ ಹತ್ತು ಎಂಎಲ್‌ಗೆ ತೆಳುಮಾಡಿ, ಒಂದೊಂದೇ ಎಂಎಲ್, ನಡುವೆ ಒಂದೆರಡು ನಿಮಿಷ ಬಿಟ್ಟು, ಉಸಿರು ಎಣಿಸುತ್ತಾ ಕೊಟ್ಟರು. ಒಂದೇ ಸಲ ಪೂರ್ತಿ ಕೊಟ್ಟರೆ ಉಸಿರಿನ ಜೊತೆ ತಿಂಗಳುಗಟ್ಟಲೆ ತಡೆದಿಟ್ಟ ನೋವೂ ಒಮ್ಮೆಲೇ ಎದ್ದು ಬರುತ್ತದೆ. ಗುರಿ ಎಚ್ಚರ ಮಾಡುವುದಲ್ಲ, ಉಸಿರಾಡಿಸುವುದು ಎಂದು ಫೋನಿನಲ್ಲಿ ಹೇಳಿದ್ದು ನಮಗೂ ಕೇಳಿಸಿತು. ನಾಲ್ಕು ಎಂಎಲ್‌ಗೆ ಉಸಿರು ಹನ್ನೊಂದಾಯಿತು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಇಳಿಯಿತು, ಮತ್ತೆ ಕೊಟ್ಟರು. ಸಲೈನು ಹತ್ತಿಸಿದರು. ಸಂಜೆ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟು, ಬಾಯಿ ಒಣಗಿದೆ ಎಂದು ಸನ್ನೆ ಮಾಡಿದರು. ಬೆಳಿಗ್ಗೆ ರೇಗಿದ್ದ ಡಾಕ್ಟರು ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗಿರಲಿಲ್ಲ. ಡೋಸು ಇಳಿಸಿ, ಹೊತ್ತಿನ ಅಂತರ ಹೆಚ್ಚಿಸಿ ಮನೆಗೆ ಕಳಿಸಿದರು. ಅಪ್ಪ ಆಮೇಲೆ ಒಂಬತ್ತು ವಾರ ಇದ್ದರು. ಗೌರಿ ಹಬ್ಬ ನೋಡಿದರು, ತಮ್ಮನ ಹೆಂಡತಿಗೆ ದಿನ ತುಂಬಿರುವುದು ಗೊತ್ತಿತ್ತು, ಮಗುವನ್ನು ಎತ್ತಿಕೊಂಡರು. ತೀರಿಕೊಂಡದ್ದು ಮನೆಯಲ್ಲಿ, ಅಮ್ಮನ ಪಕ್ಕದಲ್ಲಿ.

ಒಂದು ಆಂಪೂಲು, ಒಂದು ಸಿರಿಂಜು ನಮ್ಮ ಮನೆಯಲ್ಲೇ ಇರಬೇಕಿತ್ತೇ? ಈ ಪ್ರಶ್ನೆಗೆ ಅಕ್ಕ ಒಂದು ಹೇಳುತ್ತಾಳೆ, ಸಿಸ್ಟರ್ ಇನ್ನೊಂದು. ಖಂಡಿತ ಇರಬೇಕು ಎಂದು ಅಕ್ಕ. ಕೊನೆಯ ಹಂತದ ರೋಗಿಯ ಮನೆಯಲ್ಲಿ ಬೇಡ ಎಂದು ಸಿಸ್ಟರ್: ಸಾವು ಹತ್ತಿರ ಬಂದಾಗ ಉಸಿರು ತಾನಾಗಿಯೇ ನಿಧಾನವಾಗುತ್ತದೆ, ಮನೆಯವರು ಗಾಬರಿಯಲ್ಲಿ ಚುಚ್ಚಿದರೆ ಸಾಯುವವನನ್ನು ನೋವಿನೊಳಗೆ ಎಬ್ಬಿಸಿ ಕೂರಿಸಿದ ಹಾಗಾಗುತ್ತದೆ. ನಮಗೆ ಸಿಸ್ಟರ್ ಮಾತು ಸರಿ ಅನ್ನಿಸುತ್ತದೆ, ಅಪ್ಪನ ಮಟ್ಟಿಗೆ. ಆದರೆ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಅದು ಥಿಯೇಟರಿನ ಟ್ರೇಯಲ್ಲಿ ಅಡಗಿ ಕೂರುವ ಬದಲು ಎಮರ್ಜೆನ್ಸಿ ಮೇಜಿನ ಮೇಲೆ ಹೆಸರು ಬರೆದು ಇಟ್ಟಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ದಶಕಗಳಿಂದ ಇರುವ ಔಷಧ ಅದು. ಓವರ್‌ಡೋಸ್ ಕಾಣುವ ಸಾಧ್ಯತೆ ಇರುವವರ ಕೈಗೆ, ಅಂದರೆ ಗೆಳೆಯರು, ಮನೆಯವರ ಕೈಗೆ ಅದನ್ನು ಕೊಟ್ಟು ಕಲಿಸಿ ಎಂದು ಅದೇ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಕೊಟ್ಟಿದೆ.

ಮತ್ತು ನಮ್ಮ ನಾಲ್ಕು ಸಾಲಿನ ಸುದ್ದಿಯ ಹುಡುಗರು ಇದ್ದಾರೆ. ‘ಮತ್ತಿನ ಮಾತ್ರೆ’ ಎಂದು ಬರೆಯುವ ಟೆಪೆಂಟಡಾಲ್ ಕೂಡ ಓಪಿಯಾಯ್ಡೇ. ನೋವಿನ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವುದು ರಾಜ್ಯದ ಸಣ್ಣ ಊರುಗಳಿಗೂ ಬಂದಿದೆ. ಟ್ರಮಡಾಲನ್ನು 2018ರಲ್ಲಿ ಎನ್‌ಡಿಪಿಎಸ್ ಅಡಿ ತಂದರು. ಕಾಯ್ದೆ ಮಾತ್ರೆಯನ್ನು ಹಿಡಿಯುತ್ತದೆ, ಬಚ್ಚಲುಮನೆಯಲ್ಲಿ ಬಿದ್ದವನ ಉಸಿರನ್ನು ಹಿಡಿಯುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ಓವರ್‌ಡೋಸ್ ಆದವನಿಗಾಗಿ ಆಂಬುಲೆನ್ಸ್ ಕರೆದವರ ಮೇಲೆ ಡ್ರಗ್ಸ್ ಇಟ್ಟುಕೊಂಡ ಕೇಸು ಹಾಕದಿರಲು ಒಂದಷ್ಟು ರಕ್ಷಣೆ ಕೊಡುವ ಕಾನೂನುಗಳಿವೆ. ಇಲ್ಲಿ ಮನೆಯವರು ಮೊದಲು ಸಿರಿಂಜು ಬಚ್ಚಿಡುತ್ತಾರೆ, ಆಮೇಲೆ ಆಟೊ ಕರೆಯುತ್ತಾರೆ. ಆಸ್ಪತ್ರೆಯಲ್ಲಿ ‘ತಲೆಸುತ್ತು ಬಂದು ಬಿದ್ದ’ ಎನ್ನುತ್ತಾರೆ. ಯಾವ ಮಾತ್ರೆ ಎಂದು ಹೇಳದಿದ್ದರೆ ಡಾಕ್ಟರಿಗೆ ನಲೋಕ್ಸೋನ್ ನೆನಪಾಗುವುದಾದರೂ ಹೇಗೆ?

ಅಪ್ಪನ ತಿಥಿ ಕಳೆದು ಕೆಲವು ದಿನಕ್ಕೆ ನಮ್ಮ ಹಿಂದಿನ ಬೀದಿಯ ಒಬ್ಬಾಕೆ ಸಂಜೆ ಹೊತ್ತು ಹಿತ್ತಲ ಬಾಗಿಲಿನಿಂದ ಬಂದರು. ಅವರ ಮಗನ ವಿಷಯ ಬೀದಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ಸೆರಗು ಸುತ್ತುತ್ತಾ ಕೇಳಿದರು.

‘ಅದೇನೋ ಉಸಿರು ಎಣಿಸ್ತಿದ್ರಂತಲ್ಲಕ್ಕ. ನಂಗೂ ಹೇಳ್ಕೊಡಿ.’

ಅಮ್ಮ ವಾಚು ತಂದರು. ಮೊಮ್ಮಗನನ್ನು ಮಲಗಿಸಿ ತೋರಿಸಲು ಹೋದವರು, ಕೂಸಿನ ಉಸಿರು ಜೋರಿರುತ್ತದೆ, ಲೆಕ್ಕ ತಪ್ಪುತ್ತದೆ ಎಂದು ತಮ್ಮನನ್ನೇ ಕರೆದು ಮಲಗಿಸಿದರು. ಹನ್ನೆರಡು, ಎಂಟು, ಮಗ್ಗುಲು, 108, ಕಣ್ಣಿನ ಪಾಪೆ, ಮಾತ್ರೆಯ ಖಾಲಿ ಪಟ್ಟಿ ಆಸ್ಪತ್ರೆಗೆ ಒಯ್ಯುವುದು, ಡಾಕ್ಟರ ಹತ್ತಿರ ಸುಳ್ಳು ಹೇಳದಿರುವುದು, ಎಲ್ಲವನ್ನೂ ಹೇಳಿದರು. ಔಷಧಿಯ ಹೆಸರನ್ನು ನಾವು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆವು. ಆಮೇಲೆ ಅಮ್ಮ ಕೇಳಿದರು, ‘ರಾತ್ರಿ ಅವನ ಪಕ್ಕ ಯಾರು ಮಲಗ್ತೀರ?’

‘ಎಲ್ಲಿ ಮಲಗೋದು, ರೂಮಿನ ಬಾಗಿಲು ಹಾಕ್ಕೊಂಡ್ರೆ ಬೆಳಿಗ್ಗೆ ಒಂಬತ್ತಾದ್ರೂ ತೆಗೆಯಲ್ಲ.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾಳೆ ಅವನು ಹೊರಗೆ ಹೋದಾಗ ಬಡಗಿನ ಕರೆಸಿ, ಒಳಗಿನ ಚಿಲಕ ಕೀಳಿಸಿಬಿಡು’ ಎಂದರು.